ಕಣವನ್ನು ಎಲ್ಲಿ ಇಡಲಿ?

ಮೊದಲ ದಿನವೇ ನಾನು ತಪ್ಪು ಜಾಗದಲ್ಲಿ ನಿಂತಿದ್ದೆ.

ಅಭ್ಯಾಸಬಲ, ಇನ್ನೇನು. ನನ್ನದು ಇಂಟರ್‌ಪ್ರಿಟರ್ ಕೆಲಸ. ಬಾಯಿಮಾತನ್ನು ಸನ್ನೆಭಾಷೆಗೆ ತರುವುದು, ಸನ್ನೆಭಾಷೆಯನ್ನು ಬಾಯಿಮಾತಿಗೆ ತರುವುದು. ಸಾಮಾನ್ಯವಾಗಿ ವೇದಿಕೆಯ ಮೇಲೆ ಮಾತಾಡುವವರಿಗೆ ಕಿವಿ ಕೇಳುತ್ತಿರುತ್ತದೆ, ಕೆಳಗೆ ಕೂತವರಲ್ಲಿ ಯಾರಿಗೋ ಕೇಳುತ್ತಿರುವುದಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಸೆಮಿನಾರ್ ಹಾಲಿಗೆ ಹೋದವನೇ ಬೋರ್ಡಿನ ಪಕ್ಕ, ಕೈಗಳ ಮೇಲೆ ಬೆಳಕು ಬೀಳುವ ಹಾಗೆ, ಸಭೆಗೆ ಮುಖ ಮಾಡಿ ನಿಂತುಕೊಂಡೆ. ಮೈಮೇಲೆ ಕಪ್ಪು ಶರ್ಟು. ಕೈ ಎದ್ದು ಕಾಣಲೆಂದು ನಮ್ಮ ಕಸುಬಿನವರು ಹೂವು-ಗೆರೆ ಇರುವ ಬಟ್ಟೆ ಹಾಕುವುದಿಲ್ಲ.

ಮುಂದಿನ ಸಾಲಿನಲ್ಲಿ ಬಿಳಿಗಡ್ಡದ ಪ್ರೊಫೆಸರ್ ಒಬ್ಬರು ಕೂತಿದ್ದರು. ಭಾಷಣ ಅವರದೇ ಇರಬೇಕು ಅಂದುಕೊಂಡೆ. ಕಿಟಕಿಯ ಬಳಿ ಒಬ್ಬಳು ನಿಂತಿದ್ದಳು, ಮುಂಗೈಗೆ ಸೀಮೆಸುಣ್ಣ ಮೆತ್ತಿಕೊಂಡು. ಒಂದು ಹುಬ್ಬನ್ನು ಮಾತ್ರ ಮೇಲೆತ್ತಿ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲೇ ತಿಳಿಯಿತು, ನನ್ನ ಕೈ ಓದಬೇಕಾದವಳು ಇವಳು. ನಾನು ನಕ್ಕು ಸನ್ನೆಯಲ್ಲಿ ಕೇಳಿದೆ:

“ಅಲ್ಲಿಂದ ನನ್ನ ಕೈ ಸರಿಯಾಗಿ ಕಾಣುತ್ತಾ?”

ಅವಳು ನಡೆದು ಬಂದಳು. ನನ್ನನ್ನು ದಾಟಿಕೊಂಡು ಹೋಗಿ ಬೋರ್ಡಿನ ನಟ್ಟನಡುವೆ ನಿಂತಳು.

“ಕಾಣುತ್ತೆ. ಆದರೆ ನಾನು ನೋಡೋಕೆ ಬಂದಿಲ್ಲ. ಭಾಷಣ ನನ್ನದು.”

“ಅಯ್ಯೋ, ಸಾರಿ. ನಿಮಗೆ ಇಂಟರ್‌ಪ್ರಿಟರ್ ಬೇಕು ಅಂತ ಆಫೀಸಲ್ಲಿ ಹೇಳಿದ್ರು, ಅದಕ್ಕೆ...”

“ನನಗೆ ಯಾಕೆ ಬೇಕು?” ತುಂಬಿದ ಹಾಲಿನ ಕಡೆ ಗಲ್ಲ ತಿರುಗಿಸಿದಳು. “ಬೇಕಾಗಿರೋದು ಅವರಿಗೆ. ಪಾಪ, ಅವರಿಗೆ ಸನ್ನೆ ಬರಲ್ಲ.”

ಅವಳ ಕೈ ಆಡಿದ್ದನ್ನು ಇಲ್ಲಿ ಕನ್ನಡಕ್ಕೆ ತರುವಾಗ ಮರ್ಯಾದೆಗೆ ನಾನೇ ಒಂದಿಷ್ಟು ‘ನೀವು’ ಸೇರಿಸುತ್ತಿದ್ದೇನೆ. ಆವತ್ತು ಅವಳ ಮುಖದಲ್ಲಿ ಅಷ್ಟೊಂದು ಮರ್ಯಾದೆಯೇನೂ ಇರಲಿಲ್ಲ. ಇದ್ದದ್ದು ಗತ್ತು. ಅವಳ ಬಳಗದವರು ಅವಳನ್ನು ಕರೆಯುವುದು ತೋರುಬೆರಳಿನಿಂದ ಹುಬ್ಬನ್ನು ಸವರಿ, ಕೊನೆಯಲ್ಲಿ ಬೆರಳನ್ನು ಮೇಲಕ್ಕೆ ಎಗರಿಸಿ. ಅದೇ ಅವಳ ಹೆಸರು. ಬಾಯಲ್ಲಿ ಹೇಳುವುದಾದರೆ ‘ಹುಬ್ಬು’ ಅನ್ನಬೇಕು. ಹೆಸರಿಟ್ಟವರು ಯಾರೋ, ಅವರ ಕೈಗೆ ಮುತ್ತಿಡಬೇಕು.

ನಮ್ಮ ಕಸುಬಿಗೆ ಕಟ್ಟಳೆಗಳಿವೆ. ಸನ್ನೆ ಮಾಡುವವರು ‘ನಾನು’ ಅಂದರೆ ನಮ್ಮ ಬಾಯಿಂದಲೂ ‘ನಾನು’ ಅಂತಲೇ ಬರಬೇಕು. ‘ಇವರು ಹೀಗೆ ಹೇಳುತ್ತಿದ್ದಾರೆ’ ಅನ್ನುವ ಹಾಗಿಲ್ಲ. ಈ ನನ್ನ ಬಾಯಿ ಡಾಕ್ಟರ ಮುಂದೆ ‘ನಾನು ಬಸುರಿ’ ಅಂದಿದೆ, ಕೋರ್ಟಿನಲ್ಲಿ ‘ನಾನು ಕದ್ದಿಲ್ಲ’ ಅಂದಿದೆ, ಒಮ್ಮೆ ‘ನಾನು ಈ ಮನೆ ಬಿಟ್ಟು ಹೋಗ್ತೀನಿ’ ಅಂತ ಯಾರದೋ ಗಂಡನಿಗೆ ಹೇಳಿದೆ. ನನ್ನ ಸ್ವಂತದ ‘ನಾನು’ ಮಾತ್ರ ಬಹಳ ಅಪರೂಪಕ್ಕೆ ಹೊರಗೆ ಬರುತ್ತಿತ್ತು. ಇನ್ನೊಂದು ಕಟ್ಟಳೆ: ಸಭೆ ಮುಗಿಯುವವರೆಗೆ, ಸಭೆಯ ಮುಂದೆ ಆಡಿದ ಯಾವ ಮಾತನ್ನೂ ನುಂಗುವ ಹಾಗಿಲ್ಲ. ಬೈಗುಳವಾದರೂ ಸರಿ.

ಅವಳು ಶುರು ಮಾಡಿದಳು, ನಾನು ಬಾಯಿ ಕೊಟ್ಟೆ. ಕ್ವಾಂಟಮ್ ಫೀಲ್ಡ್ ಥಿಯರಿ. ನನಗೆ ಅದರ ಗಂಧಗಾಳಿ ಇಲ್ಲ. ಆದರೆ ಅವಳ ಕೈ ಎಷ್ಟು ಸ್ಪಷ್ಟ ಎಂದರೆ, ಅರ್ಥವಾಗದ ಮಾತೂ ನನ್ನ ಬಾಯಿಂದ ತಡವರಿಸದೆ ಬರುತ್ತಿತ್ತು. ಪ್ರೊಫೆಸರುಗಳು ತಲೆದೂಗುತ್ತಿದ್ದರು. ಯಾರದೋ ಆಸ್ತಿಗೆ ವಾರಸುದಾರನಾದವನಂತೆ ನಾನು ಒಳಗೊಳಗೇ ಉಬ್ಬಿದೆ.

ಆಮೇಲೆ ಬಿಳಿಗಡ್ಡದವರು ಪ್ರಶ್ನೆ ಕೇಳಿದರು. ಅವರು ಬೇರೆ ವಿಶ್ವವಿದ್ಯಾಲಯದವರು. ಮುಂದೆ ಅವಳ ಪಿಎಚ್‌ಡಿ ಪರೀಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರೂ ಅವರೇ ಎಂದು ಎಲ್ಲರಿಗೂ ಗೊತ್ತಿತ್ತು.

“ಒಂದು ಕಣ ಇದೆ ಅಂತ ಇಟ್ಕೊಳ್ಳಿ...” ಎಂದರು.

ಸನ್ನೆಭಾಷೆಯಲ್ಲಿ ಯಾವುದರ ಬಗ್ಗೆ ಮಾತಾಡಿದರೂ ಅದಕ್ಕೆ ಗಾಳಿಯಲ್ಲಿ ಒಂದು ಜಾಗ ಕೊಡಬೇಕು. ಅಮ್ಮನನ್ನು ಎಡಕ್ಕಿಟ್ಟರೆ ಅಂಗಡಿಯವನನ್ನು ಬಲಕ್ಕಿಡುತ್ತೇವೆ. ಆಮೇಲೆ ಎಡಕ್ಕೆ ಬೆರಳು ತೋರಿದರೆ ಸಾಕು, ಅದು ಅಮ್ಮ. ನಾನು ಹೆಬ್ಬೆರಳು ತೋರುಬೆರಳನ್ನು ಚಿವುಟಿದ ಹಾಗೆ ಹಿಡಿದು, ಕಣವನ್ನು ನನ್ನ ಎದೆಯ ಮುಂದೆ ಗಾಳಿಯಲ್ಲಿ ಇಟ್ಟೆ.

ಅವಳ ಹುಬ್ಬು ಏರಿತು.

“ಅದನ್ನ ಅಲ್ಲಿ ಯಾಕೆ ಇಟ್ರಿ?”

ಕಟ್ಟಳೆಯ ಪ್ರಕಾರ ನಾನು ಸಭೆಗೆ ಗಟ್ಟಿಯಾಗಿ ಹೇಳಿದೆ: “ಅದನ್ನ ಅಲ್ಲಿ ಯಾಕೆ ಇಟ್ರಿ?” ಬಿಳಿಗಡ್ಡದವರು ಗಾಬರಿಯಿಂದ ತಾವು ಡೆಸ್ಕಿನ ಮೇಲೆ ಇಟ್ಟಿದ್ದ ಪೆನ್ನನ್ನು ತೆಗೆದು ಜೇಬಿಗೆ ಹಾಕಿಕೊಂಡರು.

“ನಿಮಗಲ್ಲ ಸರ್, ನನಗೆ,” ಎಂದೆ. ಅವಳ ಕಡೆ ತಿರುಗಿ, “ಎಲ್ಲಾದರೂ ಇಡಲೇಬೇಕಲ್ಲ ಮೇಡಂ. ಇಡದೆ ಮಾತಾಡೋದು ಹೇಗೆ?”

“ಎಲ್ಲೂ ಇಡೋಕಾಗಲ್ಲ ಅನ್ನೋದೇ ನನ್ನ ಥೀಸಿಸ್. ಇಷ್ಟು ಹೊತ್ತಿಂದ ನೀವೇ ಬಾಯಿಬಿಟ್ಟು ಹೇಳ್ತಿದ್ದೀರಲ್ಲ. ಕೇಳಿಸಲಿಲ್ವಾ?”

ಕಿವಿ ಕೇಳದವಳು ನನಗೆ ‘ಕೇಳಿಸಲಿಲ್ವಾ’ ಎಂದು ದಬಾಯಿಸಿದ್ದನ್ನು ನಾನೇ ನನ್ನ ಬಾಯಾರೆ ಸಭೆಗೆ ಸಾರಿದೆ. ಹಾಲಿಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಸೆಮಿನಾರ್ ಮುಗಿದಾಗ ಬಿಳಿಗಡ್ಡದವರು ನೇರ ನನ್ನ ಹತ್ತಿರ ಬಂದು ಕೈ ಕುಲುಕಿದರು. “ಉತ್ತರಗಳು ಬಹಳ ಚೆನ್ನಾಗಿದ್ವು. ಒಂದು ಅನುಮಾನ ಅಷ್ಟೆ. ಅವೆಲ್ಲ ಅವಳದೇನಾ, ಇಲ್ಲ ನೀವು ಮಧ್ಯ ಸ್ವಲ್ಪ ರಿಪೇರಿ ಮಾಡಿದ್ರಾ?”

ಅವಳು ಅಲ್ಲೇ ನಿಂತಿದ್ದಳು. ಅವಳೆದುರು ಆಡಿದ ಮಾತನ್ನು ಅವಳಿಗೆ ಮುಟ್ಟಿಸದೆ ಇರುವಂತಿಲ್ಲ. ನನ್ನ ಕೈಗಳು ಆ ಮಾತನ್ನು ಅವಳಿಗೆ ಹೇಳಿದವು. ಅಲ್ಲಿಯವರೆಗೂ ಇಳಿಯದಿದ್ದ ಹುಬ್ಬು ಇಳಿಯಿತು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರಾದ ಕೈ ಅವಳದು. ಮೊಸರು ಬಂದು ಬಿದ್ದದ್ದು ನನ್ನ ಬಾಯಿಗೆ. ನನಗೆ ಆ ಮೊಸರು ಗಂಟಲಲ್ಲಿ ಇಳಿಯಲಿಲ್ಲ.

*

ಪರೀಕ್ಷೆಗೆ ಮುಂಚೆ ಸನ್ನೆಗಳನ್ನು ಕೂತು ಗೊತ್ತುಮಾಡಿಕೊಳ್ಳೋಣ ಎಂದು ಅವಳೇ ಕರೆದಳು. ಮಧ್ಯಾಹ್ನಗಳಲ್ಲಿ ಅವಳ ರೂಮಿಗೆ ಹೋಗತೊಡಗಿದೆ. ಬಾಗಿಲಲ್ಲಿ ಬೆಲ್ ಒತ್ತಿದರೆ ಒಳಗೆ ಶಬ್ದದ ಬದಲು ಒಂದು ಬಲ್ಬು ಹತ್ತುತ್ತಿತ್ತು. ಟೇಬಲ್ಲು ಬಾಗಿಲಿಗೆ ಎದುರಾಗಿತ್ತು, ಗೋಡೆಯ ತುಂಬ ಬೋರ್ಡು. ಕಿಟಕಿಯ ಕೆಳಗೆ ಸೈಕಲ್ ಸ್ಟ್ಯಾಂಡು. ಕಾರಿಡಾರಿನ ಮೆಷಿನ್ನಿನಿಂದ ನಾನು ಎರಡು ಕಾಫಿ ತರುತ್ತಿದ್ದೆ. ಅವಳ ಕಾಫಿ ಯಾವಾಗಲೂ ಆರಿಹೋಗುತ್ತಿತ್ತು, ಕಪ್ಪು ಹಿಡಿದುಕೊಂಡರೆ ಮಾತಾಡುವುದು ಹೇಗೆ?

“ಮೊದಲು ನನಗೆ ಅರ್ಥ ಆಗಲಿ,” ಎಂದೆ. “ಕಣವನ್ನ ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಿದರೆ? ಆಗ ಡಬ್ಬಿಯೊಳಗೆ ತಾನೆ ಇರಬೇಕು?”

“ಮುಚ್ಚಿ. ಈಗ ಮುಚ್ಚಳ ತೆಗೀರಿ. ಲೆಕ್ಕ ಮಾಡಿದರೆ, ತೆಗೆದ ಮರುಕ್ಷಣವೇ ಅದು ಎಷ್ಟು ದೂರದಲ್ಲಿ ಬೇಕಾದರೂ ಸಿಗೋ ಸಾಧ್ಯತೆ ಇದೆ. ಬೆಳಕನ್ನೂ ಹಿಂದೆ ಹಾಕಿ.”

“ಬೆಳಕನ್ನ ಹಿಂದೆ ಹಾಕೋ ಹಾಗಿಲ್ಲ ಅಂತ ಶಾಲೇಲಿ ಹೇಳಿಕೊಟ್ಟಿದ್ರು.”

“ಸರಿಯಾಗೇ ಹೇಳಿಕೊಟ್ಟಿದಾರೆ. ಹಾಗಾದರೆ ಸುಳ್ಳು ಎಲ್ಲಿದೆ?”

ನಾನು ಯೋಚಿಸಿದೆ. “ಡಬ್ಬಿಯೊಳಗೆ ಹಾಕಿದೆ ಅಂದಿದ್ದರಲ್ಲಿ?”

ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. “ಜಾಣ! ಪೂರ್ತಿ ಒಳಗೆ ಅದು ಯಾವತ್ತೂ ಇರಲೇ ಇಲ್ಲ. ಒಂದು ಬಾಲ ಹೊರಗೆ ಇದ್ದೇ ಇತ್ತು. ಎಷ್ಟೇ ದೂರ ಹೋಗಿ, ಆ ಬಾಲ ತೆಳ್ಳಗೆ, ಇನ್ನೂ ತೆಳ್ಳಗೆ ಆಗುತ್ತೆ. ಸೊನ್ನೆ ಆಗಲ್ಲ. ಅದನ್ನ ಹಿಂದಿನವರು ತೋರಿಸಿದ್ದು. ಆ ಬಾಲ ಎಷ್ಟು ಬೇಗ ತೆಳ್ಳಗಾಗಬಹುದು ಅನ್ನೋದಕ್ಕೆ ಒಂದು ಮಿತಿ ಹಾಕಿದ್ದು ನಾನು.” ‘ನಾನು’ ಎನ್ನುವಾಗ ಬೆರಳಿನಿಂದ ಎದೆ ಮುಟ್ಟಿಕೊಂಡಳು. ಅಷ್ಟು ಖಡಾಖಂಡಿತವಾಗಿ ‘ನಾನು’ ಅನ್ನುವವರನ್ನು ನಾನು ಕಂಡಿರಲಿಲ್ಲ.

“ಹಾಗಾದರೆ ನನ್ನ ಕನ್ನಡಕ ಈ ಟೇಬಲ್ ಮೇಲಿದೆಯೋ ಇಲ್ಲವೋ?”

“ಇದೆ. ಅಷ್ಟು ದಪ್ಪನೆಯ ವಸ್ತುವಿನ ಬಾಲ ಲೆಕ್ಕಕ್ಕೆ ಬರೋದಿಲ್ಲ.”

“ಮತ್ತೆ ನಾನು?”

“ನೀವು ಇನ್ನೂ ದಪ್ಪ,” ಎಂದಳು.

ಸನ್ನೆಯಲ್ಲಿ ಮಾತಾಡುವಾಗ ಕಣ್ಣು ತಪ್ಪಿಸುವ ಹಾಗಿಲ್ಲ. ಕಣ್ಣು ತಪ್ಪಿಸಿದರೆ ಎದುರಿನವರ ಮಾತಿಗೆ ಕಿವಿ ಮುಚ್ಚಿಕೊಂಡ ಹಾಗೆ. ಬೇರೆ ಪ್ರೇಮಿಗಳು ಒಂದು ನೋಟಕ್ಕಾಗಿ ಬಸ್‌ಸ್ಟಾಪಿನಲ್ಲಿ ಕಾಯುತ್ತಾರೆ. ನನಗೆ ಸಂಬಳ ಕೊಟ್ಟು, ಇವಳನ್ನು ಮಧ್ಯಾಹ್ನವೆಲ್ಲ ನೋಡು ಅಂದಿದ್ದರು. ಅವಳು ಯೋಚಿಸುವಾಗ ಬೆರಳುಗಳು ತೊಡೆಯ ಮೇಲೆ ಸಣ್ಣಗೆ ಗೊಣಗುತ್ತಿದ್ದವು. ಆಗ ಮಾತ್ರ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಒಬ್ಬರ ಮನಸ್ಸಿನ ಮಾತನ್ನು ಕದ್ದು ಕೇಳಬಾರದಲ್ಲ.

ಆದರೆ ಕಣಕ್ಕೆ ಸನ್ನೆ ಸಿಗಲಿಲ್ಲ. ಚಿವುಟಿ ಇಟ್ಟರೆ ಸುಳ್ಳು. ಎರಡೂ ಅಂಗೈ ಚೆಲ್ಲಿದರೆ, “ಅದು ಮೋಡ, ಕಣ ಅಲ್ಲ,” ಅನ್ನುತ್ತಿದ್ದಳು. ಬೆರಳು ಅಲ್ಲಾಡಿಸಿದರೆ, “ಸೊಳ್ಳೆ ಓಡಿಸ್ತಿದ್ದೀರಾ?” ಒಂದು ದಿನ ನನಗೆ ತಲೆ ಕೆಟ್ಟಿತು.

“ಎಲ್ಲೂ ಇಡಬೇಡ ಅಂತೀರಿ. ಇಡದೆ ಅದರ ಬಗ್ಗೆ ನಾನು ಎಲ್ಲಿ ಅಂತ ಕೇಳಲಿ? ಇಲ್ಲಿ ಕೇಳಲಾ? ಅಲ್ಲಿ ಕೇಳಲಾ?”

ಸಿಟ್ಟಿನಲ್ಲಿ ‘ಕೇಳು’ ಅನ್ನುವ ಸನ್ನೆಯನ್ನೇ ಗಾಳಿಯಲ್ಲಿ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕುಟ್ಟಿದ್ದೆ. ಅವಳು ಟೇಬಲ್ ದಾಟಿ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು. ಸೀಮೆಸುಣ್ಣದ ಒರಟು ಬೆರಳು. ನನ್ನ ಕೈ ಹಿಡಿದರೆ ನನ್ನ ಮಾತೇ ನಿಂತುಹೋಗುತ್ತದೆ ಎಂದು ಅವಳಿಗೆ ಮರೆತಿತ್ತು.

ಆಮೇಲೆ ಬಿಟ್ಟು, “ಮತ್ತೆ ಹೇಳಿ. ಹಾಗೇ ಹೇಳಿ,” ಎಂದಳು.

“ಇಲ್ಲಿ ಕೇಳಲಾ? ಅಲ್ಲಿ ಕೇಳಲಾ?”

“ಅದೇ! ಥೀಸಿಸ್‌ನ ಕೊನೇ ಅಧ್ಯಾಯ ಅದೇ. ಕಣಕ್ಕೆ ಜಾಗ ಇಲ್ಲ. ಆದರೆ ನಾವು ಮಾಡೋ ಅಳತೆಗೆ ಜಾಗ ಇದೆ. ಈ ಕೋಣೆಯಲ್ಲಿ ನಿಂತು ಪ್ರಶ್ನೆ ಕೇಳಿದರೆ, ಆ ಪ್ರಶ್ನೆ ಈ ಕೋಣೆಯದು. ಬೋರ್ಡ್ ಮೇಲೆ ಸಾವಿರ ಸಲ ಬರೆದಿದೀನಿ, ಕೈಗೆ ಬಂದಿರಲಿಲ್ಲ!” ಎರಡೂ ಅಂಗೈಗಳಿಂದ ಗಾಳಿಯಲ್ಲಿ ಒಂದು ಎಲ್ಲೆ ಕಟ್ಟಿ, ಅದರೊಳಗೆ ‘ಕೇಳು’ ಎಂಬ ಸನ್ನೆಯನ್ನು ಮೆಲ್ಲಗೆ ಇಳಿಸಿದಳು. “ಕಣವನ್ನ ಇಡೋದು ಬೇಡ. ಪ್ರಶ್ನೆಯನ್ನ ಇಡೋಣ.”

ಆವತ್ತು ನಮ್ಮಿಬ್ಬರ ಜಂಬ ನೋಡಬೇಕಿತ್ತು. ಪ್ರಪಂಚದಲ್ಲಿ ಇಲ್ಲದ ಒಂದು ಮಾತನ್ನು ಹುಟ್ಟಿಸಿ ಬಂದಿದ್ದೆವು. ಅವಳು ಕಾಫಿಯನ್ನು ಬಿಸಿಯಾಗಿಯೇ ಕುಡಿದಳು.

*

ನನ್ನ ಅಮ್ಮನಿಗೂ ಕಿವಿ ಕೇಳದು. ಅಮ್ಮ ದರ್ಜಿ. ಹೊಲಿಗೆ ಮೆಷಿನ್ನಿನ ಮೈಮೇಲೆ ಅಂಗೈ ಇಟ್ಟೇ ಅದಕ್ಕೆ ಎಣ್ಣೆ ಬೇಕೋ ಬೇಡವೋ ಹೇಳುತ್ತಾಳೆ. ನನ್ನ ಕಪ್ಪು ಶರ್ಟುಗಳೆಲ್ಲ ಅವಳು ಹೊಲಿದವೇ. ತೋಳು ಸ್ವಲ್ಪ ಸಡಿಲ. “ಮಾತಾಡೋರಿಗೆ ತೋಳು ಬಿಗಿ ಇರಬಾರದು,” ಎನ್ನುತ್ತಾಳೆ.

ಊಟಕ್ಕೆ ಕೂತಾಗ ನಾನು ಏನೋ ಹೇಳುತ್ತಿದ್ದೆ. ಅಮ್ಮ ಕೈ ಅಡ್ಡ ಹಿಡಿದಳು.

“ಯಾರು ಅವಳು?”

“ಯಾರು ಯಾರಮ್ಮ?”

“ನಿನ್ನ ಕೈಗೆ ಮಾತು ಕಲಿಸಿದವಳು ನಾನು. ಈಗ ಅದರಲ್ಲಿ ಇನ್ಯಾರದೋ ಕೈ ಕಾಣ್ತಿದೆ. ‘ನಾನು’ ಅನ್ನುವಾಗ ಎದೆ ಹೀಗೆ ಮುಟ್ಟಿಕೊಳ್ತಿರಲಿಲ್ಲ ನೀನು. ಮದುಮಗನ ಹಾಗೆ ಎದೆ ಸೆಟೆಸ್ತೀಯ.”

ಒಬ್ಬರ ಜೊತೆ ಬಹಳ ದಿನ ಮಾತಾಡಿದರೆ ಅವರ ರಾಗ ನಮಗೆ ಅಂಟುತ್ತದಲ್ಲ, ಕೈಗಳಿಗೂ ಹಾಗೆಯೇ. ಹೆತ್ತ ತಾಯಿಯ ಕಣ್ಣಿಗೆ ಮಣ್ಣೆರಚುವುದು ಹೇಗೆ? ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆಯೇ ಎಂಥ ಇಕ್ಕಟ್ಟಿಗೆ ಸಿಕ್ಕಿದ್ದೇನೆಂದು ತಿಳಿಯಿತು.

ಯಾಕೆಂದರೆ ನಮ್ಮ ಕಸುಬಿನ ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇದು: ನಂಟಸ್ತಿಕೆ ಇರುವಲ್ಲಿ, ಮನಸ್ಸು ಹೋದಲ್ಲಿ, ಪರೀಕ್ಷೆಗೂ ಕೋರ್ಟಿಗೂ ನಿಲ್ಲಬಾರದು. ನಿಂತರೆ ಯಾರಾದರೂ ಕೇಳುತ್ತಾರೆ, ಉತ್ತರ ಅವಳದೋ ಇವನದೋ ಎಂದು. ಬಿಳಿಗಡ್ಡದವರು ಮನಸ್ಸಿನ ವಿಷಯ ಗೊತ್ತಿಲ್ಲದೆಯೇ ಕೇಳಿಯಾಗಿತ್ತು. ಪರೀಕ್ಷೆಯಾದ ಮೇಲೆ ನಮ್ಮ ವಿಷಯ ಹೊರಬಿದ್ದರೆ, ಅವಳು ವರ್ಷಗಟ್ಟಲೆ ಬೆವರು ಸುರಿಸಿದ ಪ್ರಮೇಯದ ಮೇಲೆ ನನ್ನ ಹೆಸರಿನ ಮಸಿ ಉಳಿದುಬಿಡುತ್ತದೆ.

ಮರುದಿನ ನಮ್ಮ ಆಫೀಸಿನ ಮುಖ್ಯಸ್ಥೆಯ ಬಳಿ ಹೋದೆ. ಸದಾ ಬೂದು ಶಾಲು ಹೊದ್ದಿರುತ್ತಾರೆ, ನಾವೆಲ್ಲ ಶಾಲು ಮೇಡಂ ಅನ್ನುತ್ತೇವೆ. ನಕ್ಕಿದ್ದನ್ನು ಕಂಡವರಿಲ್ಲ.

“ಆ ವೈವಾಗೆ ನಾನು ನಿಲ್ಲಲ್ಲ ಮೇಡಂ.”

“ಕಾರಣ?” ನನ್ನ ಮುಖ ನೋಡಿದರು. “ಬೇಡ ಬಿಡು, ಹೇಳ್ಬೇಡ. ಗೊತ್ತಾಯ್ತು. ಅವಳಿಗೆ ಹೇಳಿದ್ಯಾ?”

“ಇಲ್ಲ.”

“ಪರೀಕ್ಷೆ ಆಗೋವರೆಗೂ ಹೇಳಬಾರದು. ಓದೋ ಹೊತ್ತಲ್ಲಿ ಆ ಹುಡುಗಿ ತಲೆ ಕೆಡಿಸಿದ್ಯೋ, ನಾನೇ ಕೆಟ್ಟವಳಾಗ್ತೀನಿ. ಅವಳ ವೈವಾಗೆ ನಾನು ಬರ್ತೀನಿ. ಸನ್ನೆಗಳನ್ನ ನೀನು ಕಲಿಸಿಕೊಡು.”

ಹುಬ್ಬುವಿನ ರೂಮಿನ ಬೆಲ್ ಒತ್ತಿದಾಗ ಬಲ್ಬು ಹತ್ತಿದ್ದು ಬಾಗಿಲ ಸಂದಿಯಲ್ಲಿ ಕಂಡಿತು. ವೈವಾಗೆ ನಾನು ನಿಲ್ಲುವುದಿಲ್ಲ ಎಂದಷ್ಟೇ ಹೇಳಿದೆ. ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

“ಯಾಕೆ ಬಿಡ್ತಿದ್ದೀರಿ?”

ನಾನು ಕಣ್ಣು ತಪ್ಪಿಸಿದೆ. ಅಷ್ಟು ದಿನಗಳಲ್ಲಿ ಮೊದಲ ಸಲ, ಅವಳು ಮಾತಾಡುತ್ತಿರುವಾಗ ಕಿಟಕಿಯಾಚೆಯ ಸೈಕಲ್ಲುಗಳನ್ನು ನೋಡಿದೆ. ಮತ್ತೆ ತಿರುಗಿದಾಗ ಅವಳ ಮುಖ ಗೋಡೆಯಾಗಿತ್ತು.

“ಈಗ ಹೇಳೋಕಾಗಲ್ಲ,” ಎಂದೆ.

“ಸರಿ. ಹೋಗಿ.” ಸಿಟ್ಟಿಗೆ ಅವಳ ಸನ್ನೆಗಳು ದೊಡ್ಡವಾದವು. ಸೀಮೆಸುಣ್ಣ ಹಾರಿ ನೆಲಕ್ಕೆ ಬಿತ್ತು. “ನನ್ನ ಪ್ರಮೇಯ ನಿಮ್ಮ ನಾಲಗೆ ಮೇಲೆ ನಿಂತಿದೆ ಅಂದ್ಕೊಂಡ್ರಾ? ಯಾರ ಬಾಯಿಂದ ಬಂದರೂ ಅದು ನಿಜವೇ. ಗಿಳಿ ಬಾಯಿಂದ ಬಂದರೂ ನಿಜವೇ.”

ಕೆನ್ನೆಗೆ ಹೊಡೆದ ಹಾಗಾಯಿತು. ಆದರೆ ಮೆಟ್ಟಿಲಿಳಿಯುವಾಗ ನನಗೆ ಬಂದದ್ದು ಸಿಟ್ಟಲ್ಲ. ಎಂಥ ಮಾತು ಆಡಿದಳು! ಇಂಥವಳನ್ನು ಮೆಚ್ಚದೆ ಇನ್ನಾರನ್ನು ಮೆಚ್ಚಲಿ ನಾನು?

ಶಾಲು ಮೇಡಂಗೆ ಸನ್ನೆಗಳನ್ನು ಒಪ್ಪಿಸಿದೆ. ಹುಬ್ಬು ಬಂದು ಕೂರುತ್ತಿದ್ದಳು, ತಪ್ಪಿದ್ದರೆ ತಿದ್ದುತ್ತಿದ್ದಳು, ನನ್ನ ಕಡೆ ಕೆಲಸದ ಮಾತಿಗೆ ಮಾತ್ರ ನೋಡುತ್ತಿದ್ದಳು. ಮಗಳನ್ನು ಬೇರೆ ಮನೆಗೆ ಕೊಟ್ಟವನ ಹಾಗೆ, ನಮ್ಮ ಒಂದೊಂದೇ ಮಾತನ್ನು ಇನ್ನೊಬ್ಬರ ಕೈಗೆ ಕೊಟ್ಟು ಬಂದೆ.

*

ವೈವಾ ದಿನ ಬಾಗಿಲಲ್ಲಿ ‘ಮೌಖಿಕ ಪರೀಕ್ಷೆ’ ಎಂದು ನೋಟಿಸ್ ಅಂಟಿಸಿದ್ದರು. ‘ಮೌಖಿಕ’ ಅನ್ನುವುದನ್ನು ಯಾರೋ ಸೀಮೆಸುಣ್ಣದಲ್ಲಿ ಹೊಡೆದು ಹಾಕಿದ್ದರು. ಯಾರೆಂದು ಹೇಳಬೇಕಾಗಿಲ್ಲ.

ನಾನು ಕೊನೆಯ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಅಮ್ಮ. “ಆ ಕೈ ಯಾರದು ಅಂತ ನಾನು ನೋಡಬೇಕು,” ಎಂದು ಹಟ ಹಿಡಿದು, ತನ್ನ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದಳು.

ಹುಬ್ಬು ಶುರು ಮಾಡಿದಳು. ಶಾಲು ಮೇಡಂ ದನಿ ಕೊಟ್ಟರು, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನಷ್ಟೇ ಭಾವ ತುಂಬಿ. ಒಂದು ಕಡೆ ಹುಬ್ಬು ಜೋಕ್ ಮಾಡಿದಳು: “ಈ ಕಣ ನನ್ನ ಗೈಡ್ ಇದ್ದ ಹಾಗೆ. ರೂಮಲ್ಲಿರೋ ಸಾಧ್ಯತೆ ಜಾಸ್ತಿ, ಆದರೆ ನಂಬಿ ಹೋಗಬಾರದು.” ಅಮ್ಮ ಗೊಳ್ಳೆಂದು ನಕ್ಕಳು. ನಾನೂ ನಕ್ಕೆ. ಹಾಲಿನವರು ತಿರುಗಿ ನಮ್ಮನ್ನು ನೋಡಿದರು. ಆಮೇಲೆ ಶಾಲು ಮೇಡಂ ದನಿ ಅವರನ್ನು ಮುಟ್ಟಿತು, ಅವರೂ ನಕ್ಕರು. ಅಷ್ಟು ಜನ ಪ್ರೊಫೆಸರುಗಳಿಗಿಂತ ಮೊದಲು ತನಗೆ ಅರ್ಥವಾಯಿತು ಎಂದು ಅಮ್ಮನಿಗೆ ಎರಡು ಕೋಡು ಮೂಡಿದವು.

ಕೊನೆಗೆ ಬಿಳಿಗಡ್ಡದವರು ಕನ್ನಡಕ ಸರಿಪಡಿಸಿಕೊಂಡರು.

“ಕಣಕ್ಕೆ ಜಾಗ ಇಲ್ಲ ಅಂತೀರಿ. ಲ್ಯಾಬಿನಲ್ಲಿ ಡಿಟೆಕ್ಟರ್ ಇಡ್ತೀವಿ. ಟಿಕ್ ಅನ್ನುತ್ತೆ. ಕಣ ಅಲ್ಲಿ ಬಂತು ಅಂತ ತಾನೆ ಅರ್ಥ?”

ಶಾಲು ಮೇಡಂ ಸನ್ನೆ ಮಾಡಿದರು. ಹಳೆಯ ಅಭ್ಯಾಸ, ಎರಡು ಬೆರಳು ಚಿವುಟಿ, ಕಣವನ್ನು ಎದೆಯ ಮುಂದೆ ಗಾಳಿಯಲ್ಲಿ ಇಟ್ಟುಬಿಟ್ಟರು.

ನನ್ನ ಕೈಗಳು ತಾವಾಗಿಯೇ ಮೇಲೆದ್ದವು. ನಾನು ಈಗ ತಿದ್ದಿದರೆ ಎಲ್ಲ ಮುಗಿಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಕೂತೆ.

ಹುಬ್ಬು ನಿಧಾನಕ್ಕೆ ಶಾಲು ಮೇಡಂ ಬಳಿ ಹೋಗಿ, ಆ ಚಿವುಟಿದ ಬೆರಳುಗಳ ಸುತ್ತ ಎರಡೂ ಅಂಗೈ ಹಿಡಿದಳು. ಸಭೆಗೆಲ್ಲ ಕಾಣುವ ಹಾಗೆ. ಆಮೇಲೆ ಕೈ ತೆಗೆದು ಮಾತಾಡಿದಳು. ಶಾಲು ಮೇಡಂ ಚಿವುಟಿದ್ದನ್ನು ಬಿಡದೆ ದನಿ ಕೊಟ್ಟರು.

“ಎಲ್ಲರೂ ಮಾಡೋ ತಪ್ಪು ಇದೇ, ನನ್ನ ಇಂಟರ್‌ಪ್ರಿಟರ್ ಕೂಡ. ಕಣವನ್ನ ಇಲ್ಲಿ ಇಟ್ಟರು. ಸರ್, ನಿಮ್ಮ ಟಿಕ್ ನಿಜ, ಅದು ಆಗಿದ್ದೂ ಅಲ್ಲೇ. ಆದರೆ ಟಿಕ್ ಅನ್ನೋದು ಉತ್ತರ. ನೀವು ಅಲ್ಲಿ ಯಂತ್ರ ಇಟ್ಟು ಪ್ರಶ್ನೆ ಕೇಳಿದ್ರಿ, ಅಲ್ಲಿ ಉತ್ತರ ಬಂತು. ಪ್ರಶ್ನೆಗೆ ಜಾಗ ಇದೆ. ಅದರಿಂದ ಕಣಕ್ಕೂ ಜಾಗ ಇದೆ ಅಂತ ಆಗೋದಿಲ್ಲ. ಏನೂ ಇಲ್ಲದ ಕಡೆ ಇಟ್ಟರೂ, ಎಲ್ಲೆಯೊಳಗೆ ಕಟ್ಟುನಿಟ್ಟಾಗಿ ಇರೋ ಯಾವ ಡಿಟೆಕ್ಟರ್ ಆದರೂ ಯಾವಾಗಲಾದರೊಮ್ಮೆ ಟಿಕ್ ಅನ್ನಲೇಬೇಕು. ಬೋರ್ಡ್ ಮೇಲೆ ತೋರಿಸ್ತೀನಿ.”

ತೋರಿಸಿದಳು. ಸಾಲು ಸಾಲಾಗಿ, ಎಲ್ಲೂ ಒರೆಸದೆ. ಬಿಳಿಗಡ್ಡದವರು ಮೊದಲು ಬೋರ್ಡನ್ನು ನೋಡಿದರು, ಆಮೇಲೆ ಶಾಲು ಮೇಡಂ ಮುಖವನ್ನು ನೋಡಿದರು. ಆ ಮುಖದಲ್ಲಿ ಭೌತಶಾಸ್ತ್ರದ ಸುಳಿವೇ ಇರಲಿಲ್ಲ. ಉತ್ತರ ಯಾರದು ಎಂದು ಇನ್ನು ಯಾರೂ ಕೇಳುವಂತಿರಲಿಲ್ಲ.

ಪರೀಕ್ಷಕರು ಹೊರಗೆ ಹೋಗಿ ಬಂದರು. ಬಿಳಿಗಡ್ಡದವರು ಅವಳಿಗೆ ಎದುರಾಗಿ ನಿಂತು, “ಅಭಿನಂದನೆ, ಡಾಕ್ಟರ್,” ಎಂದರು.

ಅಮ್ಮ ಎದ್ದು ನಿಂತು ಎರಡೂ ಕೈಗಳನ್ನು ಮೇಲೆತ್ತಿ ಗಾಳಿಯಲ್ಲಿ ಅಲ್ಲಾಡಿಸಿದಳು. ಕಿವಿ ಕೇಳದವರ ಚಪ್ಪಾಳೆ ಅದು. ನಾನೂ ಎತ್ತಿದೆ. ಚಪ್ಪಾಳೆ ಹೊಡೆಯುತ್ತಿದ್ದ ಹಾಲಿನವರು ನಮ್ಮನ್ನು ನೋಡಿ, ಒಬ್ಬೊಬ್ಬರಾಗಿ ಕೈ ಮೇಲೆತ್ತಿದರು. ಅಷ್ಟೂ ಕೈಗಳು ಅವಳಿಗಾಗಿ ಅಲ್ಲಾಡುತ್ತಿದ್ದವು. ಅವಳು ತಲೆ ಬಗ್ಗಿಸಲಿಲ್ಲ. ಎತ್ತಿದ ಹುಬ್ಬನ್ನು ಹಾಗೇ ಇಟ್ಟುಕೊಂಡು ಆ ಮರ್ಯಾದೆಯನ್ನು ಪೂರ್ತಿ ತೆಗೆದುಕೊಂಡಳು.

ಜನ ಏಳತೊಡಗಿದರು. ಅವಳು ಕೈ ಅಡ್ಡ ಹಿಡಿದಳು.

“ಸಭೆ ಮುಗಿದಿಲ್ಲ,” ಶಾಲು ಮೇಡಂ ದನಿ ಕೇಳಿಸಿತು. “ಎಲ್ಲರೂ ಕೇಳಿದ್ರಿ. ಈಗ ನನ್ನದೊಂದು ಪ್ರಶ್ನೆ ಇದೆ.”

ಹುಬ್ಬು ಕೊನೆಯ ಸಾಲಿನ ಕಡೆ ತಿರುಗಿದಳು. ಎರಡೂ ಅಂಗೈಗಳಿಂದ ಗಾಳಿಯಲ್ಲಿ ಒಂದು ಎಲ್ಲೆ ಕಟ್ಟಿದಳು. ಆ ಎಲ್ಲೆಯೊಳಗೆ ಬೋರ್ಡಿತ್ತು, ಬೆಂಚುಗಳಿದ್ದವು, ಅವಳಿದ್ದಳು, ನಾನಿದ್ದೆ. ಅದರೊಳಗೆ ನಮ್ಮ ಸನ್ನೆಯನ್ನು ಇಳಿಸಿದಳು.

“ಯಾಕೆ ಬಿಟ್ಟು ಹೋದ್ರಿ?” ಎಂದರು ಶಾಲು ಮೇಡಂ.

“ಯಾರು, ನಾನಾ? ಐದು ನಿಮಿಷಕ್ಕೇ ವಾಪಸ್ ಬಂದ್ವಲ್ಲ?” ಎಂದು ಬಿಳಿಗಡ್ಡದವರು ಗಾಬರಿಯಾದರು.

“ನಿಮಗಲ್ಲ ಸರ್,” ಎಂದು ಶಾಲು ಮೇಡಂ ತಿದ್ದಿದರು.

ನಾನು ಎದ್ದು ನಿಂತೆ. ಪರೀಕ್ಷೆ ಮುಗಿದಿತ್ತು. ಬಾಯಿ ತೆರೆಯಬಹುದಿತ್ತು, ಆದರೆ ಪ್ರಶ್ನೆ ಬಂದ ಭಾಷೆಯಲ್ಲೇ ಉತ್ತರ ಕೊಡಬೇಕು. ನನ್ನ ಕೈಗಳು ಮಾತಾಡಿದವು. ಶಾಲು ಮೇಡಂ ನನ್ನನ್ನು ನೋಡಿದರು, ಒಮ್ಮೆ ಗಂಟಲು ಸರಿಪಡಿಸಿಕೊಂಡರು. ಕಟ್ಟಳೆ ಕಟ್ಟಳೆಯೇ.

“ನಾನು ಇವರನ್ನ ಪ್ರೀತಿಸ್ತೀನಿ,” ಎಂದರು, ಶಾಲು ಬಿಗಿಯಾಗಿ ಹೊದ್ದುಕೊಂಡು. “ಅದಕ್ಕೇ ಬಿಟ್ಟೆ. ನಾನು ಪಕ್ಕದಲ್ಲಿ ನಿಂತಿದ್ದರೆ, ಉತ್ತರ ಯಾರದು ಅಂತ ಇನ್ನೊಂದು ಸಲ ಯಾರಾದರೂ ಕೇಳ್ತಿದ್ರು. ಉತ್ತರ ಇವರದು. ಮೊದಲ ದಿನದಿಂದಲೂ ಇವರದೇ. ನಾನು ಬರೀ ಬಾಯಿ. ಆದರೆ ಈಗ ಹೇಳ್ತಿರೋದು ನನ್ನ ಮಾತು.”

ಜೀವಮಾನವೆಲ್ಲ ಊರಿನವರ ‘ನಾನು’ ಹೊತ್ತು ತಿರುಗಿದವನು ನಾನು. ಆವತ್ತು ಮೊದಲ ಸಲ ನನ್ನ ‘ನಾನು’ವನ್ನು ಇನ್ನೊಬ್ಬರು ಹೊತ್ತರು, ಅದೂ ನಗುವೇ ಗೊತ್ತಿಲ್ಲದ ಶಾಲು ಮೇಡಂ.

ಬಿಳಿಗಡ್ಡದವರು ಎದ್ದು ಹೋಗಿ, ಈ ಸಲ ಅವಳ ಕೈ ಕುಲುಕಿದರು. “ಕ್ಷಮಿಸಮ್ಮ. ಆವತ್ತು ಈ ಕೈ ಹಿಡಿಯಬೇಕಿತ್ತು ನಾನು.”

ಅವಳು ನನ್ನ ಕಡೆ ನಡೆದು ಬಂದಳು. ಬರುತ್ತಲೇ ಮಾತು: “ಗೊತ್ತಿತ್ತು. ಕಣ್ಣು ತಪ್ಪಿಸಿದ ದಿನ ಸಿಟ್ಟು ಬಂತು, ನಾಲ್ಕು ದಿನ ಬಿಟ್ಟು ಅರ್ಥ ಆಯ್ತು.”

“ಗೊತ್ತಿದ್ದ ಮೇಲೆ ಎಲ್ಲರ ಮುಂದೆ ಯಾಕೆ ಕೇಳಿದ್ರಿ?”

“ಗೊತ್ತಿದ್ದರೆ ಸಾಲದು. ಒಂದು ಕಡೆ ನಿಂತು ಕೇಳಬೇಕು. ಆಗಲೇ ಉತ್ತರಕ್ಕೆ ಜಾಗ ಸಿಗೋದು.” ತೋರುಬೆರಳಿನಿಂದ ತನ್ನ ಎದೆ ಮುಟ್ಟಿಕೊಂಡಳು, ಅದೇ ಖಡಾಖಂಡಿತ ‘ನಾನು’. ಆಮೇಲೆ ಅದೇ ಬೆರಳಿನಿಂದ ನನ್ನ ಎದೆ ಮುಟ್ಟಿದಳು. “ನನ್ನ ಉತ್ತರವೂ ಅದೇ.”

ಇಷ್ಟನ್ನೂ ಸಭೆಗೆ ಮುಟ್ಟಿಸಿದ ಶಾಲು ಮೇಡಂ, “ನನ್ನ ಡ್ಯೂಟಿ ಮುಗೀತು. ಇನ್ನು ನಿಮ್ಮ ಮಾತು ನೀವೇ ಆಡ್ಕೊಳ್ಳಿ,” ಎಂದು ಕೈಕಟ್ಟಿ ಕೂತರು. ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಎಂದು ಅವರು ಇಂದಿಗೂ ನಂಬಿದ್ದಾರೆ.

ಅಮ್ಮ ನಮ್ಮಿಬ್ಬರ ಮಧ್ಯೆ ಬಂದು ನಿಂತಳು. ಹೊಸ ಡಾಕ್ಟರನ್ನು ಅಡಿಯಿಂದ ಮುಡಿಯವರೆಗೆ, ಭುಜದಿಂದ ಮಣಿಕಟ್ಟಿನವರೆಗೆ ಅಳೆದು ನೋಡಿದಳು. ಟೇಪು ಇಲ್ಲದೆಯೂ ಅವಳ ಅಳತೆ ತಪ್ಪುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೈಯಾಡಿಸಿದಳು.

“ಮದುವೆ ಬಟ್ಟೆ ನಾನೇ ಹೊಲೀತೀನಿ. ತೋಳು ಬಹಳ ಸಡಿಲ ಇಡಬೇಕು ಕಣೋ. ತುಂಬಾ ಮಾತಾಡೋ ಹುಡುಗಿ.”